ಪೇಟೆಬೀದಿಯ ಹಸಿರು ಬಾಗಿಲಿನ ಅಂಗಡಿಯ ಯಜಮಾನರ ನೆನಪು ಮತ್ತು ಅವರು ಬಿಟ್ಟುಹೋದ ವರ್ತನೆ ಪುಸ್ತಕಗಳು

ಹಿರಿಯ ಮಗಳು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಮಂಡ್ಯದ ಪೇಟೆಬೀದಿಯಲ್ಲಿ 46 ವರ್ಷ ದಿನಸಿ ಅಂಗಡಿ ನಡೆಸಿದ ನಮ್ಮ ತಂದೆಯವರು ತೀರಿಕೊಂಡು ಇಂದಿಗೆ 19 ದಿನಗಳಾದವು. ಅಂಗಡಿಗೆ ಹೆಸರಿನ ಫಲಕವಿರಲಿಲ್ಲ. ಒಂದರ ಪಕ್ಕಕ್ಕೊಂದು ತೆಗೆದಿಡುವ ಹಲಗೆಬಾಗಿಲಿನ ಬಣ್ಣದಿಂದಾಗಿ ಊರವರು ಅದನ್ನು ಹಸಿರು ಬಾಗಿಲಿನ ಅಂಗಡಿ ಎಂದೇ ಕರೆಯುತ್ತಿದ್ದರು. ಈ ಗುಂಪಿನಲ್ಲಿ ಅಲ್ಲಿಂದ ಸಾಮಾನು ತಂದವರು ಬಹಳ ಮಂದಿ ಇದ್ದೀರೆಂದು ನನಗೆ ಗೊತ್ತು.

ತಿಥಿಯ ದಿನ ಬಂದವರಲ್ಲಿ ಅರ್ಧದಷ್ಟು ಮಂದಿಯನ್ನು ನಾವು ಮಕ್ಕಳು ಗುರುತಿಸಲಾರದೆ ಹೋದೆವು. ಒಬ್ಬೊಬ್ಬರೂ ಅಮ್ಮನ ಎದುರು ಕುಳಿತು ಅಪ್ಪನ ವಿಷಯವಾಗಿ ಏನನ್ನೋ ಹೇಳಿ, ಕಣ್ಣೊರೆಸಿಕೊಂಡು ಎದ್ದುಹೋದರು. ಅದನ್ನೆಲ್ಲ ಕೇಳಿ ಮನಸ್ಸಿನಲ್ಲಿಟ್ಟುಕೊಳ್ಳುವ ಸ್ಥಿತಿಯಲ್ಲಿ ಅಂದು ನಾವಿರಲಿಲ್ಲ. ಆದ್ದರಿಂದ ಈಗ ಕೇಳುತ್ತಿದ್ದೇನೆ. ಅಪ್ಪನನ್ನು ಕಂಡವರು ತಮಗೆ ನೆನಪಿರುವುದನ್ನು, ಅದು ಎಷ್ಟು ಸಣ್ಣದಾದರೂ ಸರಿ, ಇಲ್ಲಿ ಬರೆಯಬೇಕು. ನಮಗೆ ಮನೆಯ ಅಪ್ಪ ಗೊತ್ತು, ಅಂಗಡಿಯ ಅಪ್ಪ ಅಷ್ಟಾಗಿ ಗೊತ್ತಿಲ್ಲ.

ಇನ್ನೊಂದು ವಿಷಯ ಲೆಕ್ಕಕ್ಕೆ ಸೇರಿದ್ದು. ಗಲ್ಲಾಪೆಟ್ಟಿಗೆಯ ಹಿಂದಿನ ಬೀರುವಿನಲ್ಲಿ ಕೆಂಪು ಬಟ್ಟೆಯ ರಟ್ಟಿನ 31 ವರ್ತನೆ ಪುಸ್ತಕಗಳು, ಅಂದರೆ ಸಾಲವಾಗಿ ಕೊಟ್ಟ ಸಾಮಾನಿನ ಲೆಕ್ಕ ಬರೆದಿಟ್ಟ ಪುಸ್ತಕಗಳಿವೆ. ಒಂದೊಂದು ಮನೆಗೂ ಒಂದೊಂದು ಪುಟ. ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ‘ಸಂ’, ‘ಕ’, ‘ಹಾ’, ‘ಗೂ’ ಎಂದು ಅಕ್ಷರಗಳನ್ನು ಬರೆದಿದ್ದಾರೆ. ಕೆಲವು ಹೆಸರುಗಳ ಮುಂದೆ ಎರಡೆರಡು ಅಕ್ಷರಗಳಿವೆ. ಇವುಗಳ ಅರ್ಥ ಅಮ್ಮನಿಗೂ ತಿಳಿಯದು. ಬಾಕಿ ಉಳಿದಿರುವ ಮೊತ್ತ ಒಟ್ಟಾರೆ ಸಣ್ಣದಲ್ಲ. ಅದನ್ನು ಏನು ಮಾಡಬೇಕೆಂಬ ಬಗ್ಗೆಯೂ ಹಿರಿಯರ ಅಭಿಪ್ರಾಯ ಬೇಕಾಗಿದೆ.

ಗುತ್ತಲಿನ ನಿವೃತ್ತ ಶಿಕ್ಷಕಿ

ನಿಮ್ಮ ತಂದೆಯವರ ಅಂಗಡಿಯಲ್ಲಿ ನಮ್ಮ ಮನೆಯ ವರ್ತನೆ 28 ವರ್ಷ ನಡೆಯಿತು. ಅವರ ಒಂದು ಅಭ್ಯಾಸವನ್ನು ನಾನು ಬೇರೆ ಯಾವ ಅಂಗಡಿಯಲ್ಲಿಯೂ ಕಾಣಲಿಲ್ಲ. ತಿಂಗಳ ಕೊನೆಗೆ ಲೆಕ್ಕ ನೋಡಲು ಹೋದಾಗ ಅವರು ಪುಸ್ತಕವನ್ನು ನಮ್ಮ ಕಡೆಗೆ ತಿರುಗಿಸಿ ಇಡುತ್ತಿದ್ದರು. ತಿರುಗಿಸುವ ಮುನ್ನ ಪಕ್ಕದ ಪುಟದ ಮೇಲೆ ಅದೇ ಅಳತೆಗೆ ಕತ್ತರಿಸಿಟ್ಟುಕೊಂಡಿದ್ದ ಒಂದು ರಟ್ಟನ್ನು ಮುಚ್ಚುತ್ತಿದ್ದರು. ಸೋಪಿನ ಪೆಟ್ಟಿಗೆಯ ರಟ್ಟು ಅದು, ಮೂಲೆಗಳು ಸವೆದು ದುಂಡಗಾಗಿದ್ದವು. ಒಮ್ಮೆ ನಾನು ಅದೇಕೆಂದು ಕೇಳಿದೆ. “ಪಕ್ಕದ ಮನೆಯೋರು ತಿಂಗಳಿಗೆ ಎಷ್ಟು ಎಣ್ಣೆ ತಗೋತಾರೆ ಅಂತ ನಿಮಗ್ಯಾಕೆ ಟೀಚರಮ್ಮ” ಎಂದು ನಕ್ಕರು. ಅವರ ಮಾತಿನ ಅರ್ಥ ಆ ಕ್ಷಣಕ್ಕೆ ನನಗೆ ಪೂರ್ತಿ ಹೊಳೆಯಲಿಲ್ಲ. ನನ್ನ ಯಜಮಾನರು ಕೆಲಸ ಕಳೆದುಕೊಂಡು ನಮ್ಮ ಪುಟದಲ್ಲಿ ಬಾಕಿ ಏರುತ್ತಾ ಹೋದ ವರ್ಷ ಹೊಳೆಯಿತು. ಆ ವರ್ಷ ಇಡೀ ಬೀದಿಯಲ್ಲಿ ನಮ್ಮ ಕಷ್ಟ ಗೊತ್ತಿದ್ದದ್ದು ಅವರೊಬ್ಬರಿಗೆ.

ಪೆನ್ಸಿಲಿನ ಅಕ್ಷರಗಳ ಅರ್ಥ ನನಗೂ ತಿಳಿಯದು.

ಅಂಗಡಿಯಲ್ಲಿ 11 ವರ್ಷ ಕೆಲಸ ಮಾಡಿದವನು, ಈಗ ಮದ್ದೂರಿನಲ್ಲಿ ಸ್ವಂತ ಅಂಗಡಿ

ಅಕ್ಕಾ, ನಾನು ತಿಥಿಗೆ ಬಂದಿದ್ದೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಹದಿನೆಂಟು ತುಂಬಿದ ವರ್ಷ ನಾನು ಅಣ್ಣಾವ್ರ ಅಂಗಡಿಗೆ ಸೇರಿದೆ. ಇವತ್ತು ನನ್ನ ಅಂಗಡಿಯಲ್ಲಿ ನಾನು ಮಾಡುವ ಕೆಲಸಗಳಲ್ಲಿ ಅವರಿಂದ ಕಲಿಯದೆ ಇರುವುದು ಮೊಬೈಲಿನಲ್ಲಿ ಹಣ ತೆಗೆದುಕೊಳ್ಳುವುದೊಂದೇ.

ಮೊದಲ ಆರು ತಿಂಗಳು ಅವರು ನನಗೆ ತಕ್ಕಡಿ ಮುಟ್ಟಲು ಕೊಡಲಿಲ್ಲ. ಪೊಟ್ಟಣ ಕಟ್ಟುವುದಷ್ಟೇ ನನ್ನ ಕೆಲಸ. ಸೂರಿನಿಂದ ಇಳಿಬಿಟ್ಟ ಡಬ್ಬಿಯೊಳಗಿನ ಉಂಡೆಯಿಂದ ದಾರ ಬರುತ್ತಿತ್ತು. ಹಳೆಯ ಪತ್ರಿಕೆಯ ಹಾಳೆಯನ್ನು ಕೋನದಂತೆ ಸುತ್ತಿ, ಬೇಳೆ ಸುರಿದು, ಬಾಯಿ ಮಡಚಿ, ದಾರವನ್ನು ಅಡ್ಡ ಎರಡು ಸುತ್ತು, ಉದ್ದ ಒಂದು ಸುತ್ತು ಸುತ್ತಿ, ತೋರುಬೆರಳಿಗೆ ಸಿಕ್ಕಿಸಿ ಒಂದು ತಿರುವು ಕೊಟ್ಟರೆ ಕತ್ತರಿಯಿಲ್ಲದೆ ದಾರ ತುಂಡಾಗಬೇಕು. ನನ್ನ ಬೆರಳು ಕುಯ್ದುಕೊಂಡಿತೇ ಹೊರತು ದಾರ ತುಂಡಾಗಲಿಲ್ಲ. ಅಣ್ಣಾವ್ರು ಗದರಲಿಲ್ಲ, ಅರಿಶಿನ ಹಚ್ಚಿ, ಮರುದಿನ ಮತ್ತೆ ಅದೇ ಕೆಲಸಕ್ಕೆ ಕೂರಿಸಿದರು.

ತಕ್ಕಡಿ ಕೊಟ್ಟ ದಿನ ಬಟ್ಟುಗಳನ್ನೆಲ್ಲ ತಲೆಕೆಳಗು ಮಾಡಿ ತೋರಿಸಿದರು. ಕಬ್ಬಿಣದ ಬಟ್ಟಿನ ಕೆಳಗೆ ಒಂದು ಕುಳಿ ಇರುತ್ತದೆ, ಅದರಲ್ಲಿ ಸೀಸ ತುಂಬಿ ತೂಕ ಮತ್ತು ಅಳತೆ ಇಲಾಖೆಯವರು ಮುದ್ರೆ ಒತ್ತುತ್ತಾರೆ. ಬಟ್ಟು ವರ್ಷಗಟ್ಟಲೆ ಕೈಯಲ್ಲಿ ಸವೆದು ಹಗುರವಾದರೆ ನಷ್ಟ ಗಿರಾಕಿಗೆ; ಆದ್ದರಿಂದಲೇ ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿ ಹೊಸ ಮುದ್ರೆ ಹಾಕಿಸಬೇಕೆಂದು ಹೇಳಿದರು. ಅಜ್ಜಿಯರು ಆಗಲೂ ಪಾವು, ಅಚ್ಚೇರು ಎಂದೇ ಕೇಳುತ್ತಿದ್ದರು. ಅವರ ಎದುರಿಗೆ ಹಳೆಯ ಪಾವಿನಲ್ಲಿ ರಾಗಿಯನ್ನು ಅಳೆದು, ಅದನ್ನೇ ತಕ್ಕಡಿಯಲ್ಲಿ ಹಾಕಿ ಗ್ರಾಂ ತೋರಿಸಿ, ಎರಡೂ ಸರಿಯಾಗಿದೆ ಎಂದು ಒಪ್ಪಿಸಿಯೇ ಕಳುಹಿಸುತ್ತಿದ್ದರು.

ಬೆಲ್ಲದ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಮಂಡ್ಯದಲ್ಲಿ ಬೆಲ್ಲ ಮಾರುವುದು ಕಷ್ಟದ ಕೆಲಸ, ಏಕೆಂದರೆ ಕೊಳ್ಳುವವರೆಲ್ಲರಿಗೂ ಬೆಲ್ಲ ಗೊತ್ತು. ಹೀಗಿದ್ದೂ ಒಂದು ಕಾಲದಲ್ಲಿ ಎಲ್ಲರೂ ನಿಂಬೆಹಣ್ಣಿನ ಬಣ್ಣದ ಬೆಲ್ಲವನ್ನೇ ಕೇಳತೊಡಗಿದರು. ಆ ಬಣ್ಣ ಬರಲು ಆಲೆಮನೆಯಲ್ಲಿ ಕೊಪ್ಪರಿಗೆಗೆ ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಹಾಕುತ್ತಾರೆ. ಕಬ್ಬಿನ ಹಾಲಿನ ಕೊಳೆ ತೆಗೆಯಲು ಬೆಂಡೆಗಿಡದ ಲೋಳೆ, ಸ್ವಲ್ಪ ಸುಣ್ಣ ಹಾಕಿ ಕಾಯಿಸಿದ ಬೆಲ್ಲ ಕಂದು ಬಣ್ಣಕ್ಕೇ ಇರುತ್ತದೆ. ಅಣ್ಣಾವ್ರು ತಾವೇ ಆಲೆಮನೆಗೆ ಸೈಕಲ್ಲಿನಲ್ಲಿ ಹೋಗಿ, ಪಾಕ ಇಳಿಸುವ ತನಕ ನಿಂತು, ಅಚ್ಚು ಆರುವ ಮುಂಚೆಯೇ ಮುಂಗಡ ಕೊಟ್ಟು ಬರುತ್ತಿದ್ದರು. ಬಿಳಿ ಬೆಲ್ಲವನ್ನು ಅಂಗಡಿಗೆ ತರಿಸಲೇ ಇಲ್ಲ. “ಕಪ್ಪಗೈತಲ್ಲ” ಎಂದು ಗಿರಾಕಿ ಮುಖ ಸಿಂಡರಿಸಿದರೆ ಅಚ್ಚನ್ನು ಒಡೆದು ಒಳಗಿನ ಹರಳು ತೋರಿಸಿ, ಒಂದು ಚೂರು ಬಾಯಿಗೆ ಹಾಕಿಕೊಳ್ಳಲು ಕೊಡುತ್ತಿದ್ದರು. ಉಪ್ಪುಪ್ಪು ಅನ್ನಿಸಿದರೆ ಕೊಳ್ಳಬೇಡಿ ಎನ್ನುತ್ತಿದ್ದರು. ಎರಡು ಮೂರು ವರ್ಷ ಬೆಲ್ಲದ ವ್ಯಾಪಾರ ಇಳಿದಿದ್ದು ನಿಜ. ಆದರೂ ಅವರು ಬದಲಾಯಿಸಲಿಲ್ಲ.

ಅಕ್ಷರಗಳನ್ನು ನಾನೂ ನೋಡಿದ್ದೇನೆ. ‘ಸಂ’ ಎಂದರೆ ಸಂಬಳ ಎಂದು ನನ್ನ ಊಹೆ. ಉಳಿದವು ಚಿಕ್ಕಪ್ಪನವರಿಗೆ ಗೊತ್ತಿರಬಹುದು.

ಬೆಂಗಳೂರಿನಲ್ಲಿರುವ ಮಂಡ್ಯದವರು

ಒಂದು ಸಲಹೆ. ಬಾಕಿ ಇರುವ ಪುಟಗಳ ಚಿತ್ರ ತೆಗೆದು ಇಲ್ಲಿ ಹಾಕಿದರೆ, ಹೊರಗಿನ ಊರುಗಳಲ್ಲಿ ನೆಲೆಸಿರುವ ನಮ್ಮಂಥವರು ನಮ್ಮ ಮನೆಯ ಹಳೆಯ ಬಾಕಿಯನ್ನು ನೋಡಿ ಕೂಡಲೇ ಕಳುಹಿಸಬಹುದು. ನಮ್ಮ ತಂದೆಯ ಹೆಸರಿನಲ್ಲಿಯೂ ಏನಾದರೂ ಉಳಿದಿರಬಹುದು.

ಪಾಂಡವಪುರ ತಾಲ್ಲೂಕಿನ ಕಬ್ಬು ಬೆಳೆಗಾರ

ಮೇಲಿನವರ ಉದ್ದೇಶ ಒಳ್ಳೆಯದೇ, ಆದರೆ ದಯವಿಟ್ಟು ಚಿತ್ರ ಹಾಕಬೇಡಿ. ರಟ್ಟು ಮುಚ್ಚಿ ಲೆಕ್ಕ ತೋರಿಸಿದ ಮನುಷ್ಯನ ಪುಸ್ತಕವನ್ನು ಸಾವಿರ ಜನರ ಎದುರು ಬಿಚ್ಚುವುದು ಸರಿಯಲ್ಲ.

ಅಕ್ಷರಗಳ ಪೈಕಿ ಒಂದರ ಅರ್ಥ ನನಗೆ ಗೊತ್ತು, ಏಕೆಂದರೆ ಅದು ನನ್ನ ಹೆಸರಿನ ಮುಂದಿದೆ. ‘ಕ’ ಎಂದರೆ ಕಬ್ಬು. ಮೊದಲ ಬಾರಿ ವರ್ತನೆಗೆ ಹೋದಾಗ ಅವರು ನನ್ನ ಊರು, ಜಾತಿ ಯಾವುದನ್ನೂ ಕೇಳಲಿಲ್ಲ; ದುಡ್ಡು ಯಾವಾಗ ಬರುತ್ತದೆ ಎಂದು ಕೇಳಿದರು. ಕಬ್ಬು ಎಂದೆ. ನಾಟಿ ಯಾವಾಗ ಮಾಡಿದೆ, ಕಡಿಯುವುದು ಯಾವಾಗ, ನಾಲೆಯ ನೀರು ಬರುತ್ತದೆಯೋ ಕೊಳವೆಬಾವಿಯೋ ಎಂದು ಕೇಳಿ, ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರು. ಕಬ್ಬು ಕೈಗೆ ಬರಲು ಒಂದು ವರ್ಷ ಬೇಕು. ಸಂಬಳದವರ ಹಾಗೆ ನನ್ನನ್ನು ತಿಂಗಳ ಮೊದಲ ವಾರ ಅವರು ಕೇಳಲೇ ಇಲ್ಲ. ಕಬ್ಬು ಸರಬರಾಜಾದ 14 ದಿನಗಳಲ್ಲಿ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಬೆಳೆದವರಿಗೆ ಗೊತ್ತು, ಎಷ್ಟೋ ವರ್ಷ ಹದಿನಾಲ್ಕು ದಿನಗಳು ತಿಂಗಳುಗಳಾಗಿವೆ. ಆ ತಿಂಗಳುಗಳಲ್ಲಿ ನಮ್ಮ ಮನೆಯ ಒಲೆ ಉರಿದದ್ದು ಹಸಿರು ಬಾಗಿಲಿನ ಅಂಗಡಿಯ ಬೇಳೆಯಿಂದ.

ಇನ್ನೊಂದು ವಿಷಯ ಮಕ್ಕಳಿಗೆ ತಿಳಿದಿರಲಿಕ್ಕಿಲ್ಲ. ಅಂಗಡಿಯ ಒಳಗೋಡೆಗೆ ಒಂದು ಸ್ಲೇಟು ತೂಗುಹಾಕಿರುತ್ತಿತ್ತು. ಬೆಳಿಗ್ಗೆ ಪತ್ರಿಕೆ ಬಂದೊಡನೆ ಕೆಆರ್‌ಎಸ್ ನೀರಿನ ಮಟ್ಟವನ್ನು ಅದರ ಮೇಲೆ ಬರೆಯುತ್ತಿದ್ದರು. ಕೆಳಗೆ ಒಂದು ಗೆರೆ, ಅದರ ಕೆಳಗೆ ಅಳಿಸದ ಹಾಗೆ ಬಣ್ಣದಲ್ಲಿ ಬರೆದ 124.80, ಅಂದರೆ ಅಣೆಕಟ್ಟೆ ತುಂಬಿದಾಗಿನ ಅಡಿ. ನಾವೆಲ್ಲ ರೈತರು ಬರುತ್ತೇವೆಂದು ನಮ್ಮ ಅನುಕೂಲಕ್ಕಾಗಿ ಬರೆಯುತ್ತಾರೆ ಎಂದುಕೊಂಡಿದ್ದೆ. ಒಂದು ದಿನ ಅವರೇ ಹೇಳಿದರು: ಜುಲೈ ಮುಗಿಯುತ್ತಾ ಬಂದರೂ ನೀರು ಏರದಿದ್ದರೆ ಆ ವರ್ಷ ಹಬ್ಬದ ಸರಕನ್ನು ಕಡಿಮೆ ತರಿಸಿ, ಆ ದುಡ್ಡನ್ನು ಬೇಳೆ, ಅಕ್ಕಿ, ಎಣ್ಣೆಗೆ ಹಾಕುತ್ತಾರಂತೆ. ನಾಲೆಗೆ ನೀರು ಬಿಡದಿದ್ದರೆ ವರ್ತನೆಯವರು ಬಾಕಿ ತೀರಿಸಲಾರರು, ಆದರೆ ಊಟವನ್ನಂತೂ ಬಿಡಲಾರರು ಎಂಬುದು ಅವರ ಲೆಕ್ಕ. 2016ರಲ್ಲಿ ಕಾವೇರಿ ಗಲಾಟೆಯಾಗಿ, ನಿಂತ ಬೆಳೆಗೆ ನೀರಿಲ್ಲದೆ ನಾವು ಕೈಚೆಲ್ಲಿ ಕುಳಿತೆವು. ಅದೇ ನವೆಂಬರ್ 8ರ ರಾತ್ರಿ 500 ಮತ್ತು 1000ದ ನೋಟುಗಳೂ ನಿಂತುಹೋದವು. ಆ ಚಳಿಗಾಲದಲ್ಲಿ ಅವರ ಪೆನ್ಸಿಲು ನನ್ನ ಹೆಸರಿನ ಮುಂದೆ ಇನ್ನೊಂದು ‘ಕ’ ಬರೆಯಿತು. ಎರಡು ಬೆಳೆಯವರೆಗೆ ಕಾಯುತ್ತೇನೆ ಎಂದು ಅದರ ಅರ್ಥ.

ನನ್ನ ಬಾಕಿ ಸ್ವಲ್ಪ ಇದೆ. ಕಬ್ಬಿನ ಹಣ ಬಂದ ದಿನ ನಾನೇ ಬಂದು ಕೊಡುತ್ತೇನೆ.

ಮಳವಳ್ಳಿ ಕಡೆಯವರು

ಹಾಗಾದರೆ ‘ಗೂ’ ಎಂದರೆ ಖಂಡಿತ ಗೂಡು. ನಾವು ರೇಷ್ಮೆ ಸಾಕುವವರು, ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಮಾರಿ ಬಂದ ಮೇಲೆಯೇ ಲೆಕ್ಕ ತೀರಿಸುತ್ತಿದ್ದೆವು. ‘ಹಾ’ ಎಂದರೆ ಡೇರಿಯ ಹಾಲಿನ ಬಟವಾಡೆ ಇರಬೇಕು.

ವಕೀಲರು, ಮಂಡ್ಯ

ಬಾಕಿಯ ವಿಷಯದಲ್ಲಿ ಕಾನೂನು ಏನು ಹೇಳುತ್ತದೆಂದು ತಿಳಿಸುತ್ತೇನೆ, ನಿರ್ಧಾರ ಮನೆಯವರದು. 1963ರ ಕಾಲಮಿತಿ ಕಾಯ್ದೆಯಂತೆ, ಮಾರಿದ ಸರಕಿನ ಬೆಲೆಗಾಗಿ ದಾವೆ ಹೂಡಲು ಇರುವ ಅವಧಿ ಸಾಮಾನ್ಯವಾಗಿ 3 ವರ್ಷ. ಆ ಅವಧಿಯೊಳಗೆ ಸಾಲಗಾರರು ಬರಹದಲ್ಲಿ ಬಾಕಿಯನ್ನು ಒಪ್ಪಿಕೊಂಡು ಸಹಿ ಮಾಡಿದ್ದರೆ ಅವಧಿ ಅಲ್ಲಿಂದ ಹೊಸದಾಗಿ ಎಣಿಕೆಯಾಗುತ್ತದೆ. ಅವಧಿ ಮೀರಿದ ಬಾಕಿಯನ್ನು ನ್ಯಾಯಾಲಯದ ಮೂಲಕ ವಸೂಲು ಮಾಡಲಾಗದು. ಆದರೆ ತೀರಿಸುತ್ತೇನೆಂದು ಯಾರಾದರೂ ಸ್ವಇಚ್ಛೆಯಿಂದ ಬರೆದುಕೊಟ್ಟರೆ 1872ರ ಕರಾರು ಕಾಯ್ದೆ ಆ ಮಾತನ್ನು ಮಾನ್ಯ ಮಾಡುತ್ತದೆ. ಪುಸ್ತಕಗಳನ್ನು ಯಾವ ಕಾರಣಕ್ಕೂ ನಾಶ ಮಾಡಬೇಡಿ.

ಕಿರಿಯ ಮಗ

ಅಕ್ಕ ಬರೆಯಲು ಹೇಳಿದ್ದರಿಂದ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಅಪ್ಪನ ದೊಡ್ಡ ಮನಸ್ಸಿನ ಬಗ್ಗೆ ಹೇಳುತ್ತಿದ್ದೀರಿ, ಅದನ್ನು ಓದಿ ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗೂ ಆಯಿತು. ಸುಳ್ಳು ಹೇಳಲಾರೆ.

ಆ 31 ಪುಸ್ತಕಗಳಲ್ಲಿ ನಮ್ಮ ಮನೆಗೂ ಒಂದು ಪುಟವಿದೆ. ಅಂಗಡಿಯಿಂದ ನಮ್ಮ ಅಡುಗೆಮನೆಗೆ ಬಂದ ಪ್ರತಿಯೊಂದು ಸಾಮಾನನ್ನೂ ಅಪ್ಪ ಮಾರುವ ಬೆಲೆಗೇ ಬರೆದಿದ್ದಾರೆ. ಒಂಬತ್ತು ವರ್ಷದವನಿದ್ದಾಗ ಒಂದು ಸಂಜೆ ನಾನು ಗಾಜಿನ ಜಾಡಿಯ ಹಿಂದಿನಿಂದ ಒಂದು ಬಿಸ್ಕತ್ತಿನ ಪೊಟ್ಟಣ ತೆಗೆದುಕೊಂಡು ತಿಂದೆ. ಅಪ್ಪ ನೋಡಿದರು, ಏನೂ ಅನ್ನಲಿಲ್ಲ. ರಾತ್ರಿ ಲೆಕ್ಕ ಬರೆಯುವಾಗ ‘ಬಿಸ್ಕತ್ತು 1, ಚಿಕ್ಕವನು’ ಎಂದು ಬರೆದದ್ದನ್ನು ನಾನು ಅವರ ಭುಜದ ಹಿಂದೆ ನಿಂತು ಓದಿದೆ. ಊರಿನವರಿಗೆಲ್ಲ ಎರಡು ಬೆಳೆಯವರೆಗೆ ಕಾಯುವ ಮನುಷ್ಯ ಸ್ವಂತ ಮಗನ ಬಿಸ್ಕತ್ತನ್ನು ಲೆಕ್ಕಕ್ಕೆ ಹಾಕಿದರು ಎಂಬ ಭಾವನೆ ಆ ದಿನ ಮೂಡಿದ್ದು, ನನ್ನಿಂದ ಬಹಳ ವರ್ಷ ಹೋಗಲಿಲ್ಲ. ಆಮೇಲೆ ಎಷ್ಟೋ ವರ್ಷ ನಾನು ಅಂಗಡಿಯಲ್ಲಿ ಒಂದು ಕಡಲೆಬೀಜವನ್ನೂ ಮುಟ್ಟಲಿಲ್ಲ. ಅಪ್ಪ ಅದನ್ನು ಗಮನಿಸಿದರೋ ಇಲ್ಲವೋ ಕೇಳುವ ಧೈರ್ಯ ನನಗೆ ಬರಲಿಲ್ಲ, ಈಗ ಕೇಳುವ ಹಾಗಿಲ್ಲ.

ಶಾಲೆಯ ಯಾವ ಸಮಾರಂಭಕ್ಕೂ ಅವರು ಬಂದವರಲ್ಲ. ಅಂಗಡಿ ಮುಚ್ಚುವ ಹಾಗಿರಲಿಲ್ಲ.

ಚಿಕ್ಕಪ್ಪ

ಮಗೂ, ನಿನ್ನ ಬರಹವನ್ನು ಮೂರು ಸಲ ಓದಿದೆ. ಇದನ್ನು ನಾನು ನಿನಗೆ ಮೂವತ್ತು ವರ್ಷಗಳ ಹಿಂದೆಯೇ ಹೇಳಬೇಕಿತ್ತು. ನಿನಗೆ ಗೊತ್ತಿದೆಯೆಂದು ಭಾವಿಸಿದ್ದೆ, ಅದು ನನ್ನ ತಪ್ಪು.

ಅಂಗಡಿ ಅಣ್ಣನೊಬ್ಬನದೇ ಅಲ್ಲ. ನಮ್ಮ ತಂದೆ ಸತ್ತಾಗ ಉಳಿದ ಹಣದಲ್ಲಿ ನಾವಿಬ್ಬರೂ ಸಮಪಾಲು ಹಾಕಿ ಆರಂಭಿಸಿದ ಅಂಗಡಿ ಅದು; ನಾನು ಹೊರಗಿನ ಓಡಾಟ ನೋಡಿಕೊಂಡೆ, ಅವನು ಗಲ್ಲದಲ್ಲಿ ಕುಳಿತ. ಅವನ ಮನೆಯಲ್ಲಿ ನಮ್ಮ ತಾಯಿ, ಅತ್ತಿಗೆ, ನೀವು ಮೂವರು ಮಕ್ಕಳು, ಗಂಡನನ್ನು ಕಳೆದುಕೊಂಡು ಬಂದಿದ್ದ ನಮ್ಮ ಅಕ್ಕ, ಅವನೂ ಸೇರಿ ಒಟ್ಟು ಏಳು ಜನ ಉಣ್ಣುವವರಿದ್ದರು. ನನ್ನ ಮನೆಯಲ್ಲಿ ನಾವಿಬ್ಬರೇ, ನಮಗೆ ಮಕ್ಕಳಾಗಲಿಲ್ಲ. ಲೆಕ್ಕವಿಲ್ಲದೆ ಇಬ್ಬರೂ ಅಂಗಡಿಯಿಂದ ತೆಗೆದುಕೊಂಡರೆ ನನ್ನ ಪಾಲಿನಿಂದ ಅವನ ಮನೆ ಉಂಡ ಹಾಗಾಗುತ್ತದೆ ಎಂದು ಅವನು ಮೊದಲ ತಿಂಗಳೇ ಹೇಳಿದ. ನಾನು ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಎರಡು ಮನೆಗೂ ಪುಟ ತೆರೆದ. ನಿನ್ನ ಬಿಸ್ಕತ್ತು ಬರೆದ ಪುಟದ ಎದುರಿನ ಪುಟ ತಿರುಗಿಸಿ ನೋಡು, ನಾನು ಸೇದುತ್ತಿದ್ದ ಬೀಡಿಯ ಕಟ್ಟು ಕೂಡ ಅಲ್ಲಿದೆ. ತಿಂಗಳ ಕೊನೆಯ ದಿನ ತನ್ನ ಪಾಲಿನ ಹಣದಲ್ಲಿ ಮನೆಯ ಬಾಕಿಯನ್ನು ಎಣಿಸಿ ಗಲ್ಲಕ್ಕೆ ಹಾಕಿ, ಪುಟಕ್ಕೆ ಅಡ್ಡಗೆರೆ ಎಳೆದ ಮೇಲೆಯೇ ಮನೆಗೆ ಹೊರಡುತ್ತಿದ್ದ. 46 ವರ್ಷ ಅಣ್ಣತಮ್ಮಂದಿರು ಒಂದೇ ಗಲ್ಲದಿಂದ ಬದುಕಿದೆವು, ಒಂದು ದಿನವೂ ದುಡ್ಡಿನ ಮಾತಿಗೆ ಮುಖ ತಿರುಗಿಸಿಕೊಳ್ಳಲಿಲ್ಲ. ನಮ್ಮ ಬೀದಿಯಲ್ಲಿ ಹಾಗೆ ಉಳಿದ ಅಂಗಡಿಗಳು ಹೆಚ್ಚಿಲ್ಲ.

ನೀನು ಅಂಗಡಿಯಲ್ಲಿ ಏನನ್ನೂ ಮುಟ್ಟದೆ ಹೋದದ್ದನ್ನು ಅವನು ಗಮನಿಸಿದ್ದ. ನನಗೆ ಹೇಳಿದ್ದ. ಅದಕ್ಕೇ ಅಲ್ಲವೇ, ಪ್ರತಿ ಶನಿವಾರ ನಿನಗೆ ಬಿಸ್ಕತ್ತು ನಮ್ಮ ಮನೆಯಿಂದ ಬರುತ್ತಿದ್ದದ್ದು? ನಿಮ್ಮ ಚಿಕ್ಕಮ್ಮನ ಕೈಯಲ್ಲಿ ಕೊಡಿಸುತ್ತಿದ್ದವನು ಅವನು. ಅದು ಅವನ ಪುಟದಲ್ಲಿಯೇ ಬರೆದಿದೆ.

ಅಕ್ಷರಗಳ ಅರ್ಥವನ್ನು ಮೇಲಿನವರು ಸರಿಯಾಗಿಯೇ ಹೇಳಿದ್ದಾರೆ.

ಕಿರಿಯ ಮಗ

ಚಿಕ್ಕಪ್ಪಾ, ಪುಟಗಳನ್ನು ಈಗ ನೋಡಿದೆ. ಶನಿವಾರಗಳೆಲ್ಲ ಇವೆ. ಇಂದು ಹೆಚ್ಚು ಬರೆಯಲಾರೆ.

ಹಿರಿಯ ಮಗಳು

ತಮ್ಮನ ಮಾತು ಓದಿ ನನಗೆ ಇನ್ನೊಂದು ಕಾಲ ನೆನಪಾಯಿತು, ಅವನಿಗೆ ಆಗ ಎರಡು ವರ್ಷ. ಅಮ್ಮನಿಗೆ ಶಸ್ತ್ರಚಿಕಿತ್ಸೆಯಾಗಿ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಒಂದು ತಿಂಗಳಿಗೂ ಹೆಚ್ಚು ಮಲಗಿದ್ದರು. ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ, ಅತ್ತೆ ಅಮ್ಮನ ಜೊತೆಗೆ ಆಸ್ಪತ್ರೆಯಲ್ಲಿದ್ದರು. ಅಪ್ಪ ನಸುಕಿನಲ್ಲಿ ಎದ್ದು ಅನ್ನ, ಸಾರು ಮಾಡಿ, ಅಜ್ಜಿಗೆ ತಿನ್ನಿಸಿ, ನಮ್ಮಿಬ್ಬರು ಹುಡುಗಿಯರಿಗೆ ಜಡೆ ಹಾಕಿ ಶಾಲೆಗೆ ಕಳುಹಿಸಿ, ಮೀಟರ್‌ಗೇಜಿನ ರೈಲು ಹಿಡಿದು ಮೈಸೂರಿಗೆ ಹೋಗಿ, ಅಮ್ಮನಿಗೆ ಊಟ ಕೊಟ್ಟು ಮಧ್ಯಾಹ್ನಕ್ಕೆ ಹಿಂದಿರುಗಿ ಅಂಗಡಿ ತೆರೆಯುತ್ತಿದ್ದರು. 45 ಕಿಲೋಮೀಟರ್ ದೂರ ಈಗ ಏನೂ ಅಲ್ಲ, ಆಗ ಅರ್ಧ ದಿನ ತಿನ್ನುತ್ತಿತ್ತು.

ಮೊದಲ ದಿನದ ಜಡೆ ಶಾಲೆ ಮುಟ್ಟುವಷ್ಟರಲ್ಲಿ ಬಿಚ್ಚಿಹೋಗಿ, ಹುಡುಗಿಯರೆಲ್ಲ ನಕ್ಕರು. ಸಂಜೆ ಅಳುತ್ತಾ ಅಂಗಡಿಗೆ ಹೋದೆ. ಅಪ್ಪ ಸೂರಿನ ಡಬ್ಬಿಯಿಂದ ದಾರ ಎಳೆದು, ಮೂರು ಮೂರು ಎಳೆಗಳ ಮೂರು ಕಟ್ಟು ಮಾಡಿ, ತಕ್ಕಡಿಯ ಕೊಕ್ಕೆಗೆ ಗಂಟು ಹಾಕಿ ನನ್ನನ್ನು ಎದುರಿಗೆ ಕೂರಿಸಿಕೊಂಡರು. “ಅಮ್ಮ ಹೆಂಗೆ ಹಾಕ್ತಾಳೆ, ಹೇಳು” ಎಂದರು. ಬಲಗಡೆಯದು ನಡುವಿನದರ ಮೇಲೆ, ಎಡಗಡೆಯದು ನಡುವಿನದರ ಮೇಲೆ ಎಂದು ನಾನು ಹೇಳುತ್ತಾ ಹೋದೆ. ಬೇಳೆ ಕೇಳಲು ಬಂದ ಗಿರಾಕಿಗಳು ಕಾಯುತ್ತಾ ನಿಂತು ನೋಡಿದರು. ಒಬ್ಬ ಹೆಂಗಸು ಕಟ್ಟೆಯ ಮೇಲಿನಿಂದ ಕೈ ಚಾಚಿ ಬಿಗಿಯಾಗಿ ಎಳೆಯುವುದನ್ನು ತೋರಿಸಿಕೊಟ್ಟರು. ಮೂರನೆಯ ದಿನದಿಂದ ನನ್ನ ಜಡೆ ಸಂಜೆಯವರೆಗೂ ಅಲುಗಲಿಲ್ಲ, ಕೊನೆಗೆ ಹಾಕುವ ಗಂಟು ಮಾತ್ರ ಪೊಟ್ಟಣದ ಗಂಟೇ ಆಗಿತ್ತು. ಅಮ್ಮ ಮನೆಗೆ ಬಂದ ಮೇಲೂ ಒಂದು ವರ್ಷ ನಾವು ಅಪ್ಪನ ಕೈಯಲ್ಲಿಯೇ ಹಾಕಿಸಿಕೊಂಡೆವು.

ಮೈಸೂರಿನ ಸಂತೇಪೇಟೆಯ ಸಗಟು ವ್ಯಾಪಾರಿ

ನಮ್ಮ ಮಂಡಿಗೆ ಅವರು ಬುಧವಾರದ ಗಿರಾಕಿ. ಕೊತ್ತಂಬರಿಬೀಜವನ್ನು ಅಂಗೈಯಲ್ಲಿ ಉಜ್ಜಿ, ಮೂಸಿ, ಮೆಣಸಿನಕಾಯಿಯ ತೊಟ್ಟು ಮುರಿದು ನೋಡಿ, ಮಾತಿಲ್ಲದೆ ಒಂದು ಮೂಟೆಯನ್ನು ಬೆರಳಿನಿಂದ ತೋರಿಸುತ್ತಿದ್ದರು. ಊರಿಗೆಲ್ಲ ಸಾಲ ಕೊಟ್ಟವರು ನಮ್ಮಲ್ಲಿ ಒಂದು ರೂಪಾಯಿಯನ್ನೂ ಸಾಲ ಹೇಳಿದವರಲ್ಲ. ನಗದು ಇಟ್ಟು, ರಸೀದಿ ಮಡಚಿ ಜೇಬಿಗೆ ಹಾಕಿಕೊಂಡ ಮೇಲೆಯೇ ನೀರು ಕುಡಿಯುತ್ತಿದ್ದರು. ಅನಂತರ ದೇವರಾಜ ಮಾರುಕಟ್ಟೆಗೆ ಹೋಗಿ ಎರಡು ಮೊಳ ಮೈಸೂರು ಮಲ್ಲಿಗೆ ತಂದು, ಒದ್ದೆ ಮಾಡಿದ ಬಾಳೆಎಲೆಯಲ್ಲಿ ಸುತ್ತಿ, ಚೀಲದ ಎಲ್ಲಕ್ಕಿಂತ ಮೇಲೆ ಇಟ್ಟುಕೊಳ್ಳುತ್ತಿದ್ದರು. ಹೂವು ಒಬ್ಬಳೇ ಮುದುಕಿಯ ಬಳಿ. 2016ರ ಆಗಸ್ಟ್ 28ರಂದು ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿದುಬಿದ್ದ ಮೇಲೆ ಬಂದ ಬುಧವಾರ ಅವರು ಮೊದಲು ನಮ್ಮಲ್ಲಿಗೆ ಬರಲಿಲ್ಲ, ಆಕೆ ಕ್ಷೇಮವಾಗಿದ್ದಾಳೆಯೇ ಎಂದು ಹುಡುಕಿಕೊಂಡು ಹೋಗಿ, ಕಂಡು ಮಾತನಾಡಿಸಿ ಆಮೇಲೆ ಬಂದರು. ಅಂದು ಹೂವು ತಂದದ್ದು ನಾಲ್ಕು ಮೊಳ.

ಪೇಟೆಬೀದಿಯ ನೆರೆಯವರು

2020ರ ಮಾರ್ಚ್ 25ರಿಂದ ಎಲ್ಲವೂ ಮುಚ್ಚಿದಾಗ ಬೆಳಗಿನ ಹೊತ್ತು ದಿನಸಿ ಅಂಗಡಿಗಳು ಮಾತ್ರ ತೆರೆದಿದ್ದವು. ಮೊದಲ ದಿನ ಬಂದವನೊಬ್ಬ 25 ಕಿಲೋ ಬೇಳೆ ಕೇಳಿದ, ಹಣವನ್ನೂ ಮುಂದೆ ಇಟ್ಟ. ಯಜಮಾನರು ಎರಡು ಕಿಲೋ ತೂಗಿ ಕೊಟ್ಟು, ಮುಗಿದ ಮೇಲೆ ಮತ್ತೆ ಬನ್ನಿ ಎಂದರು. ಬೆಲೆಯನ್ನು ಅವರು ಹಳೆಯ ಸರಕು ಮುಗಿಯುವವರೆಗೆ ಏರಿಸಲಿಲ್ಲ. ಮುದುಕರಿರುವ ಮನೆಗಳ ಪಟ್ಟಿಯನ್ನು ಫೋನಿನಲ್ಲಿ ಬರೆದುಕೊಂಡು ತಾವೇ ಸೈಕಲ್ಲಿನಲ್ಲಿ ತಲುಪಿಸುತ್ತಿದ್ದರು, ಅವರಿಗೂ ಆಗ ಎಳೆಯ ವಯಸ್ಸೇನಲ್ಲ.

ಗುತ್ತಲಿನ ನಿವೃತ್ತ ಶಿಕ್ಷಕಿ

ಬಾಕಿಯನ್ನು ಮನ್ನಾ ಮಾಡಿಬಿಡಿ ಎಂದು ಕೆಲವರು ನನಗೆ ಪ್ರತ್ಯೇಕವಾಗಿ ಹೇಳಿದರು. ನಾನು ಅದನ್ನು ಒಪ್ಪುವುದಿಲ್ಲ. ಒಂದು ಕಾಲಕ್ಕೆ ಆ ಪುಸ್ತಕದಲ್ಲಿ ಬಾಕಿಯಾಗಿ ಉಳಿದವಳು ನಾನು. ಆ ವರ್ಷ ಅವರು ನನ್ನ ಲೆಕ್ಕವನ್ನು ಹೊಡೆದುಹಾಕಿದ್ದರೆ ನಾನು ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಅವರು ಬರೆದಿಟ್ಟರು, ಕಾದರು, ನಾನು ತೀರಿಸಿದ ದಿನ ಗೆರೆ ಎಳೆದು ಪುಸ್ತಕ ಮುಚ್ಚಿ, ಮಗುವಿಗೆಂದು ಒಂದು ತುಂಡು ಕಲ್ಲುಸಕ್ಕರೆ ಕೊಟ್ಟರು. ನಾನು ತಲೆಯೆತ್ತಿಕೊಂಡು ಮನೆಗೆ ಬಂದೆ. ಆದ್ದರಿಂದ ಕೇಳಬೇಡಿ, ಮನ್ನಾವನ್ನೂ ಮಾಡಬೇಡಿ. ಬಂದವರಿಗೆ ಅವರ ಪುಟವನ್ನು ತೋರಿಸಿ. ರಟ್ಟನ್ನು ಮರೆಯಬೇಡಿ.

ಹಿರಿಯ ಮಗಳು

ಅಮ್ಮನೂ ಟೀಚರ್ ಹೇಳಿದ್ದನ್ನೇ ಹೇಳಿದರು. ಪುಟಗಳ ಚಿತ್ರ ಹಾಕುವುದಿಲ್ಲ. ಬರುವ ಭಾನುವಾರ ಬೆಳಿಗ್ಗೆ ಅಂಗಡಿ ತೆರೆದಿರುತ್ತದೆ. ಯಾರಿಗಾದರೂ ತಮ್ಮ ಮನೆಯ ಪುಟ ನೋಡಬೇಕೆನಿಸಿದರೆ ಬರಬಹುದು, ಬರದವರನ್ನು ಹುಡುಕಿಕೊಂಡು ನಾವು ಹೋಗುವುದಿಲ್ಲ. ರಟ್ಟು ಸಿಕ್ಕಿತು, 31ನೇ ಪುಸ್ತಕದೊಳಗೇ ಇತ್ತು.

ಚಿಕ್ಕಪ್ಪ

ಭಾನುವಾರದ ವಿಷಯ ಬರೆಯುತ್ತಿದ್ದೇನೆ. ನಿರೀಕ್ಷೆಗಿಂತ ಹೆಚ್ಚು ಜನ ಬಂದರು. ಕೆಲವರು ಪೂರ್ತಿ ತೀರಿಸಿದರು, ಕೆಲವರು ಅರ್ಧ, ಇನ್ನು ಕೆಲವರು ತಮ್ಮ ತಂದೆಯ ಕಾಲದ ಪುಟವನ್ನು ಮುಟ್ಟಿ ನೋಡಿ ಹೋದರು. ಮದ್ದೂರಿನ ಹುಡುಗ ಬೆಳಿಗ್ಗೆ ಏಳಕ್ಕೇ ಬಂದು ಹಲಗೆಗಳನ್ನು ತೆಗೆದು, ಬಟ್ಟುಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದ. ಚಿಕ್ಕವನು ಇಡೀ ಹೊತ್ತು ಗಲ್ಲದಲ್ಲಿ ಕುಳಿತಿದ್ದ, ರಟ್ಟು ಮುಚ್ಚುವ ಕೆಲಸ ಅವನದು. ಅಂಗಡಿಯನ್ನು ಸದ್ಯಕ್ಕೆ ನಾನು ಬೆಳಗಿನ ಹೊತ್ತು ನಡೆಸುತ್ತೇನೆ. ಮುಂದಿನದನ್ನು ಸಂಕ್ರಾಂತಿಯ ನಂತರ ಕುಳಿತು ಮಾತನಾಡುತ್ತೇವೆ, ಹಬ್ಬಕ್ಕೆ ಎಳ್ಳುಬೆಲ್ಲದ ಸಾಮಾನು ಎಂದಿನಂತೆ ಇರುತ್ತದೆ.

ಎಲ್ಲರೂ ಹೋದ ಮೇಲೆ ಅತ್ತಿಗೆ ಬಂದರು. ಅಣ್ಣನ ಮನೆಯ ಪುಟ ತೆಗೆಯಲು ಹೇಳಿದರು. ಅವನು ತೀರಿಕೊಂಡ ತಿಂಗಳ ಲೆಕ್ಕಕ್ಕೆ ಗೆರೆ ಬಿದ್ದಿರಲಿಲ್ಲ, 1,140 ರೂಪಾಯಿ ಬಾಕಿ ತೋರಿಸುತ್ತಿತ್ತು. ಸೆರಗಿನ ಗಂಟು ಬಿಚ್ಚಿ ಹಣವನ್ನು ಕಟ್ಟೆಯ ಮೇಲಿಟ್ಟರು. ನಾನು ಬೇಡವೆಂದೆ, ಮಕ್ಕಳೂ ಹೇಳಿದರು. ಅವರು ಮಾತನಾಡಲಿಲ್ಲ, ಹೋಗಲೂ ಇಲ್ಲ, ಅಲ್ಲೇ ನಿಂತಿದ್ದರು. ಕೊನೆಗೆ ಎಣಿಸಿದೆ. 1,150 ಇತ್ತು. ಪುಟಕ್ಕೆ ಗೆರೆ ಎಳೆದು, ಹತ್ತು ರೂಪಾಯಿ ಚಿಲ್ಲರೆ ಕೊಟ್ಟೆ. ಅತ್ತಿಗೆ ಅದನ್ನು ತೆಗೆದುಕೊಂಡು, ಸೆರಗಿಗೆ ಗಂಟು ಹಾಕಿಕೊಂಡರು.